ಪದದ ಬಾಲ

"ಮುಖ ತಿರುಗಿಸಬೇಡಿ. ನಾನು ಜಗಳಕ್ಕೆ ಬಂದಿಲ್ಲ."

ಹನ್ನೊಂದನೇ ಹಾಸಿಗೆಯಲ್ಲಿದ್ದವನು ಗೋಡೆಯನ್ನೇ ನೋಡುತ್ತಿದ್ದ. ಮೂರು ತಿಂಗಳ ಹಿಂದೆ 'ನನಗೆ ಬೇರೆಯವಳು ಸಿಕ್ಕಿದ್ದಾಳೆ' ಎಂದು ಫೋನಿನಲ್ಲೇ ಸಂಬಂಧ ಕಡಿದುಕೊಂಡವನು ಇವನೇ. ಬಸ್ ನಿಲ್ದಾಣದ ಅನೌನ್ಸರ್, ಪ್ರತಿ ಬಸ್ಸನ್ನೂ ಎರಡೆರಡು ಸಲ ಕೂಗುವವನು. ಆ ದನಿಗೆ ಮರುಳಾಗಿ ಅವಳು ಬೇಕೆಂದೇ ಎಷ್ಟು ಬಸ್ಸು ಬಿಟ್ಟಿದ್ದಳೋ!

ಅವಳು ಇದೇ ಆಸ್ಪತ್ರೆಯ ಟೈಪಿಸ್ಟ್. ಡಾಕ್ಟರುಗಳು ರೆಕಾರ್ಡ್ ಮಾಡಿಟ್ಟ ವರದಿ ಕೇಳಿ ಟೈಪ್ ಮಾಡಬೇಕು. ಅವರೋ ಪದದ ತಲೆ ನುಂಗಿ ಬಾಲವನ್ನಷ್ಟೇ ಉಗುಳುವವರು. ಅದಕ್ಕೇ ಅವಳ ಮೇಜಿಗೆ ಇಂಗ್ಲಿಷ್ ಪದಗಳ ಬಾಲದ ಪಟ್ಟಿ ಅಂಟಿಸಿತ್ತು. ಐಟಿಸ್ ಎಂದರೆ ಉರಿಯೂತ. ಓಮಾ ಎಂದರೆ ಗಡ್ಡೆ. ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಬಸ್ಸಿಗೆ ಕಾಯುತ್ತ ಇವನ್ನೆಲ್ಲ ಅವನಿಗೂ ಬಾಯಿಪಾಠ ಮಾಡಿಸುತ್ತಿದ್ದಳು. 'ನನಗ್ಯಾಕೆ ಟೈಪಿಸ್ಟಮ್ಮ ಈ ಶಿಕ್ಷೆ?' ಎಂದು ಅವನು ನಗುತ್ತಿದ್ದ.

ಇವತ್ತು ಬಂದ ವರದಿಯಲ್ಲಿ ಹೆಸರಿರಲಿಲ್ಲ. ಹನ್ನೊಂದನೇ ಹಾಸಿಗೆ, ವಯಸ್ಸು ಮೂವತ್ತನಾಲ್ಕು, ಬಸ್ ಅನೌನ್ಸರ್. ಕಾರ್ಸಿನೋಮಾ, ಅಂದರೆ ಕ್ಯಾನ್ಸರ್. ಬೇರೆ ಕಡೆ ಕೊಟ್ಟ ವಿಕಿರಣ ಚಿಕಿತ್ಸೆ ಫಲಿಸಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಲ್ಯಾರಿಂಜೆಕ್ಟಮಿ... ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು. ಅವಳು ಹೆಡ್‌ಫೋನ್ ಕಿತ್ತಿಟ್ಟು ವಾರ್ಡಿಗೆ ಓಡಿ ಬಂದಿದ್ದಳು.

"ಎಲ್ಲಿ ಆ ಬೇರೆಯವಳು?" ಅವಳು ಕೇಳಿದಳು.

ಸ್ಟೂಲಿನ ಮೇಲೆ ಕೂತಿದ್ದ ಅವನ ಅಕ್ಕ ಎದ್ದಳು. "ಎಲ್ಲಿಯ ಬೇರೆಯವಳಮ್ಮ? ಎಲ್ಲ ಬುರುಡೆ. ಈ ಆಸ್ಪತ್ರೆಗೂ ನಾನೇ ಎಳ್ಕೊಂಡು ಬಂದೆ. ನೀನಾದ್ರೂ ನಾಲ್ಕು ಮಾತು ಬೈದು ಬುದ್ಧಿ ಹೇಳು," ಎಂದು ಫ್ಲಾಸ್ಕ್ ಹಿಡಿದು ಹೊರನಡೆದಳು.

ಅವನು ಕೊನೆಗೂ ತಿರುಗಿದ. ದನಿ ಒಡೆದು ಹೋಗಿತ್ತು.

"ಆವತ್ತು ಆ ಆಸ್ಪತ್ರೆಯ ಡಾಕ್ಟರು ನನಗಿನ್ನೂ ಬಿಡಿಸಿ ಹೇಳಿರಲಿಲ್ಲ. ಪಕ್ಕದ ಡಾಕ್ಟರಿಗೆ ಏನೋ ಓಮಾ ಅಂದ್ರು, ಚಿಕಿತ್ಸೆಗೆ ಬಗ್ಗದಿದ್ರೆ ಎಕ್ಟಮಿ ಅಂದ್ರು. ನೀನೇ ಕಲಿಸಿದ್ಯಲ್ಲ... ಅಲ್ಲೇ ಗೊತ್ತಾಗೋಯ್ತು."

ಅವಳು ಮನಸ್ಸಿನಲ್ಲೇ ಅಂದುಕೊಂಡಳು, 'ಅಯ್ಯೋ, ನಾನೇ ಕಲಿಸಿದೆನಲ್ಲ...'

"ಗೊತ್ತಾದ ತಕ್ಷಣ ನನ್ನನ್ನೂ ಕತ್ತರಿಸಿ ತೆಗೆದುಬಿಟ್ರಾ?"

"ನೀನು ಮೆಚ್ಚಿದ್ದು ಈ ದನೀನ. ನಾಳೆಯಿಂದ ನಾನು ಮೂಗ. ನನ್ನ ಜೊತೆ ಏನು ಸಂಸಾರ ಮಾಡ್ತೀಯ?"

"ಮೆಚ್ಚಿದ್ದು ನಿಜ. ಅದು ಹೋದ್ರೆ ಅಳ್ತೀನಿ, ಅದೂ ನಿಜ. ನಿಮ್ಮ ಪಕ್ಕ ಕೂತೇ ಅಳ್ತೀನಿ. ಆದ್ರೆ ಆ ಸುಳ್ಳು... ಅದೇ ನಿಮ್ಮ ದನಿಯಲ್ಲಿ ನಾನು ಕೇಳಿದ ಕಡೇ ಮಾತಾಗಬಾರದು."

ಅವನು ಎದ್ದು ಕೂತು ಗಂಟಲು ಸರಿಮಾಡಿಕೊಂಡ. ನೋವಿಗೆ ಮುಖ ಕಿವುಚಿದ.

"ಪ್ರಯಾಣಿಕರ ಗಮನಕ್ಕೆ..." ಎಂದ. "ಬೇರೆಯವಳು ಯಾರೂ ಇಲ್ಲ. ಇರೋದು ಟೈಪಿಸ್ಟಮ್ಮ ಒಬ್ಬಳೇ. ಅವಳನ್ನ ಬಿಟ್ಟು ನಾನು ಎಲ್ಲಿಗೂ ಹೊರಡಲ್ಲ."

ಅವಳು ಅವನ ಕೈ ಹಿಡಿದುಕೊಂಡಳು. ಕಣ್ಣೀರು ಒರೆಸಿಕೊಳ್ಳಲಿಲ್ಲ.

"ಪ್ರತಿ ಬಸ್ಸಿಗೂ ಎರಡು ಸಲ ಹೇಳ್ತಿದ್ರಿ."

ಅವನು ಇನ್ನೊಂದು ಸಲ ಹೇಳಿದ.