ಫ್ರಾಂಕಜ್ಜನ ಪಿಸ್ತೂಲು

"ಈ ತಗಡು ಈ ಪಿಸ್ತೂಲಿನದಲ್ಲ," ಎಂದರು ಹಳೆಯ ಆಯುಧಗಳ ಅಂಗಡಿಯ ರಿನಾಲ್ಡಿ, ಇಂಗ್ಲಿಷಿನಲ್ಲಿ.

ಹೋಟೆಲಿನ ಹಿಂದಿನ ಟೇಬಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಒಂದು ಟೇಬಲಿನಿಂದ ಇನ್ನೊಂದಕ್ಕೆ ದಾಟಿತು.

ಶೀನನ ಕಿವಿ ಬಿಸಿಯಾಯಿತು. ಭಾನುವಾರದ ಕಾಫಿಗೆ ಇಷ್ಟು ಜನರನ್ನು ಕರೆದವನು ಅವನೇ. ಫ್ರಾಂಕಜ್ಜನ ಪಿಸ್ತೂಲಿನ ಹಿರಿಮೆಯನ್ನು ತಜ್ಞರ ಬಾಯಿಂದಲೇ ಎಲ್ಲರೂ ಕೇಳಲಿ ಎಂಬುದು ಅವನ ಆಸೆಯಾಗಿತ್ತು.

ಫ್ರಾಂಕ್ ಪಕ್ಕದ ಮನೆಯ ಮುದುಕ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದವನು. ಶೀನ ಪ್ರಿನ್ಸ್‌ಟನ್ನಿನಲ್ಲಿ ಹೋಟೆಲು ತೆರೆದ ಮೊದಲ ಚಳಿಗಾಲ, ಯಾರೂ ಕೇಳದೆಯೇ ದಿನಾ ಬೆಳಿಗ್ಗೆ ಬಂದು ಬಾಗಿಲೆದುರಿನ ಹಿಮ ಬಾಚಿ ಹೋಗುತ್ತಿದ್ದ. ಯುದ್ಧದಿಂದ ತಂದ ಈ ಜರ್ಮನ್ ಲೂಗರ್ ಪಿಸ್ತೂಲನ್ನು ಉಯಿಲಿನಲ್ಲಿ ಶೀನನಿಗೇ ಬಿಟ್ಟು ಕಣ್ಣುಮುಚ್ಚಿದ್ದ. ಊರಿನ ಮಾಜಿ ಸೈನಿಕರ ಭವನದವರು ಅದನ್ನು ಫ್ರಾಂಕನ ಹೆಸರಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡಲು ಒಪ್ಪಿದ್ದರು. ಒಂದೇ ಷರತ್ತು — ಅಸಲಿ ಎಂದು ತಜ್ಞರು ಬರೆದುಕೊಡಬೇಕು.

"ಆಗಸ್ಟಿನಲ್ಲಿ ಇಲ್ಲೇ ಕೂತು ನೋಡಿದ್ರಲ್ಲ! ಎಲ್ಲ ನಂಬರೂ ತಾಳೆಯಾಗ್ತದೆ ಅಂದವರು ನೀವೇ!" ಶೀನ ದನಿಯೇರಿಸಿದ.

"ಆಗ ತಾಳೆಯಾಗುತ್ತಿತ್ತು," ರಿನಾಲ್ಡಿ ಪಿಸ್ತೂಲಿನ ಎಡಮಗ್ಗುಲು ತಿರುಗಿಸಿದರು. "ನೋಡಿ. ಪಿಸ್ತೂಲಿನ ನಂಬರು 5841. ಪ್ರತಿ ಸಣ್ಣ ಭಾಗದ ಮೇಲೂ ಕೊನೆಯ ಎರಡು ಅಂಕಿ, 41, ಇರಬೇಕು. ಈ ಪಕ್ಕದ ತಗಡಿನ ಮೇಲೆ 67 ಇದೆ. ಅಸಲಿ ತಗಡನ್ನು ಯಾರೋ ತೆಗೆದಿದ್ದಾರೆ. ಒಂದು ಭಾಗ ಬೇರೆಯದಾದರೂ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ನಾನು ಸಹಿ ಹಾಕಲಾರೆ. ಮಾಲೀಕರು ನೀವು — ನಿಮಗೇ ಗೊತ್ತಿರಬೇಕು."

"ಸತ್ತವನ ಪಿಸ್ತೂಲಿನ ಬಿಡಿಭಾಗ ನಾನು ಮಾರಿಕೊಂಡೆ ಅಂತೀರಾ?"

ಶೀನ ಒಂದೇ ಹೆಜ್ಜೆಗೆ ಹಾರಿ ರಿನಾಲ್ಡಿಯ ಕಾಲರು ಹಿಡಿದ. "ಹೋದ ವಾರ ಪೂರ್ತಿ ಇದು ನಿಮ್ಮ ಅಂಗಡಿಯಲ್ಲಿತ್ತು! ಬದಲಾಯಿಸಿದ್ದು ನೀವು! ನಿಮ್ಮ ಅಂಗಡಿ ಮುಚ್ಚಿಸದಿದ್ರೆ ನಾನು ಶೀನನೇ ಅಲ್ಲ!"

"ಕೈ ಬಿಡು ಶೀನ."

ಕಿಟಕಿ ಪಕ್ಕದಿಂದ ಬಂದ ದನಿ ಚಂದ್ರಾವತಿಯವರದು. ನೆವಾರ್ಕಿನ ವಿಮಾ ಕಂಪನಿಯೊಂದರಲ್ಲಿ ಹಳೆಯ ಗಡಿಯಾರ, ಕತ್ತಿ, ಕೋವಿಗಳ ಅಸಲು ನಕಲು ನೋಡಿ ನಿವೃತ್ತರಾದವರು. ಎಲ್ಲರಿಗೂ ಚಂದ್ರಕ್ಕ. "ಆ ಮನುಷ್ಯ ಈಗಷ್ಟೇ ಹಿಮದಲ್ಲಿ ನನ್ನ ಕೈಹಿಡಿದು ಮೆಟ್ಟಿಲು ಹತ್ತಿಸಿದ್ದಾರೆ. ಅದರಿಂದ ಅವರು ಕಳ್ಳ ಅಲ್ಲ ಅಂತ ಆಗುದಿಲ್ಲ. ಆದ್ರೆ ಕೇಳುವ ಮೊದಲೇ ಕುತ್ತಿಗೆ ಹಿಡಿಯುದಾ?"

ಜನ ಒಬ್ಬೊಬ್ಬರಾಗಿ ಕೋಟು ಹಾಕಿಕೊಂಡು ಹೊರಟರು. "ಬರ್ತೇವೆ ಶೀನಣ್ಣ, ಪಿಸ್ತೂಲು ಜೋಪಾನ," ಎಂದೊಬ್ಬ ಬಾಗಿಲಲ್ಲಿ ನಿಂತು ಹೇಳಿದ. ಮತ್ತೆ ನಗು.

ಉಳಿದವರು ಐದು ಮಂದಿ. ಶೀನ, ರಿನಾಲ್ಡಿ, ಚಂದ್ರಕ್ಕ, ಹೋಟೆಲಿನ ಪಾಲುದಾರ ಓಂಕಾರ್, ಮತ್ತೆ ಮೂಲೆಯಲ್ಲಿ ಕಾಫಿ ಲೋಟ ಹಿಡಿದು ಕೂತ ವಿನಾಯಕ್. ಬೆಂಗಳೂರಿನಲ್ಲಿ ಬೆಳೆದ ಹುಡುಗ, ಹೋಬೋಕನ್ನಿನಲ್ಲಿ ಮನೆ. ಸೆಪ್ಟೆಂಬರಿನಲ್ಲಿ ಮ್ಯಾನ್‌ಹಾಟನ್ನಿನ ಅವನ ಬ್ಯಾಂಕು ಮುಳುಗಿದಾಗಿನಿಂದ ಕೆಲಸವಿಲ್ಲ.

"ಪಿಸ್ತೂಲು ಎಲ್ಲಿಡ್ತಿ?" ಚಂದ್ರಕ್ಕ ಕೇಳಿದರು.

"ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಒಂದು ಕೀ ನನ್ನ ಹತ್ರ, ಇನ್ನೊಂದು ಓಂಕಾರನ ಹತ್ರ."

"ನನ್ನನ್ನು ನೋಡ್ಬೇಡಿ ಚಂದ್ರಕ್ಕ," ಓಂಕಾರ್ ಕೈಯೆತ್ತಿದ. "ಜುಲೈಯಿಂದ ದೀಪಾವಳಿವರೆಗೆ ನಾನು ಕುಂದಾಪುರದಲ್ಲಿ. ಕೀ ಕೂಡ ನನ್ನ ಜೊತೆ ಊರು ನೋಡಿ ಬಂದಿದೆ."

"ದೀಪಾವಳಿ ನಂತರ?"

"ಆ ಪೆಟ್ಟಿಗೆ ತೆಗೆದವನೇ ಅಲ್ಲ. ಅದ್ರಲ್ಲಿ ಪಿಸ್ತೂಲು ಬಿಟ್ರೆ ಎಂತ ಉಂಟು? ಗಿರಾಕಿಗಳೇ ಇಲ್ಲ ಈ ವರ್ಷ."

ಚಂದ್ರಕ್ಕ ಚೀಲದಿಂದ ಭೂತಗನ್ನಡಿ ತೆಗೆದು ತಗಡಿನ ಮೇಲೆ ಬಾಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ರಿನಾಲ್ಡಿಯತ್ತ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು. "ಈ ಅಂಕಿಯೊಳಗೆ ಕೆಂಪಗೆ ಇರುವುದೇನು?"

"ತುಕ್ಕು."

"ಒರೆಸಲಿಲ್ಲವೇಕೆ?"

"ಹಳೆಯ ಆಯುಧವನ್ನು ಉಜ್ಜಬಾರದು. ಬಂದ ಹಾಗೇ ನೋಡಿ, ಬಂದ ಹಾಗೇ ಹಿಂದಿರುಗಿಸುವುದು ನಮ್ಮ ಪದ್ಧತಿ."

"ಒಳ್ಳೇ ಪದ್ಧತಿ." ಚಂದ್ರಕ್ಕ ನಕ್ಕರು. "ಓಂಕಾರ, ಒಂದು ಹಲ್ಲುಕಡ್ಡಿ, ಒಂದು ಬಿಳಿ ಬಸಿ, ಅರ್ಧ ಲಿಂಬೆಹಣ್ಣು ಕೊಡು."

"ಶರಬತ್ತು ಮಾಡ್ತೀರಾ?" ವಿನಾಯಕ್ ಮೂಲೆಯಿಂದ ಕೇಳಿದ.

ಚಂದ್ರಕ್ಕ 6ರ ಹೊಟ್ಟೆಯೊಳಗಿನ ಕೆಂಪನ್ನು ಕಡ್ಡಿಯ ತುದಿಯಿಂದ ಕೆದಕಿ ಬಸಿಯ ಮೇಲೆ ಉದುರಿಸಿದರು. ಸಾಸಿವೆ ಕಾಳಿನಷ್ಟೂ ಇಲ್ಲದ ಪುಡಿ. ಅದರ ಮೇಲೆ ಒಂದು ಹನಿ ಲಿಂಬೆರಸ ಹಿಂಡಿದರು.

ಕೆಂಪು ಹೋಯಿತು. ಬಸಿಯ ಮೇಲೆ ಹಳದಿ ಚುಕ್ಕೆ ನಿಂತಿತು.

"ತುಕ್ಕು ಹೀಗೆ ಹಳದಿಯಾಗ್ತದಾ ಶೀನ?"

ಶೀನ ಬಾಯಿ ತೆರೆದ. "ಕುಂಕುಮ..."

"ಅರಸಿನಕ್ಕೆ ಸುಣ್ಣ ಬೆರೆಸಿ ನಿನ್ನಮ್ಮ ಮಾಡಿ ಕಳಿಸುವ ಕುಂಕುಮ. ಹುಳಿ ಬಿದ್ರೆ ಮತ್ತೆ ಅರಸಿನದ ಬಣ್ಣ. ಇದನ್ನು ಹಚ್ಚಿದ್ದು ಯಾರು?"

"ನಾನೇ. ಆಯುಧಪೂಜೆ ದಿನ. ಗ್ರೈಂಡರಿಗೆ, ವ್ಯಾನಿಗೆ, ಗಲ್ಲಾಪೆಟ್ಟಿಗೆಗೆ... ಫ್ರಾಂಕಜ್ಜನ ಪಿಸ್ತೂಲಿಗೂ ಒಂದು ಬೊಟ್ಟು."

"ಅಕ್ಟೋಬರಿನಲ್ಲಿ. ಅಂದ್ರೆ ನಿನ್ನ ಕೈಯಾರೆ ನೀನು ಬೊಟ್ಟಿಟ್ಟದ್ದು ಈ 67ರ ಮೇಲೆಯೇ. ಆಗಲೇ ತಗಡು ಬದಲಾಗಿತ್ತು. ರಿನಾಲ್ಡಿಯವರ ಅಂಗಡಿಗೆ ಇದು ಹೋದದ್ದು ಯಾವಾಗ?"

"ಹೋದ ವಾರ... ಜನವರಿಯಲ್ಲಿ." ಶೀನನ ದನಿ ಕುಗ್ಗಿತು.

"ಆಗಸ್ಟಿನಲ್ಲಿ 41 ಇತ್ತು, ಅವರೇ ನೋಡಿದ್ದಾರೆ. ಪೂಜೆಯ ಹೊತ್ತಿಗೆ 67. ಓಂಕಾರ ಊರಲ್ಲಿ. ನಡುವೆ ಪೆಟ್ಟಿಗೆಯಿಂದ ಇದು ಹೊರಗೆ ಬಂದದ್ದು ಎಷ್ಟು ಸಲ?"

"ಒಂದೇ ಸಲ. ಪೂಜೆಯ ಬೆಳಿಗ್ಗೆ. ಒರೆಸ್ಲಿಕ್ಕೆ."

"ಒರೆಸಿದ್ದು ಯಾರು?"

ಶೀನನ ಕತ್ತು ತಾನಾಗಿ ಮೂಲೆಯತ್ತ ತಿರುಗಿತು. ಆ ಬೆಳಿಗ್ಗೆ ಕಣ್ಣಿಗೆ ಕಟ್ಟಿತು. ಕೊಡಿ ಶೀನಣ್ಣ, ನೀವು ಕಾಯಿ ತನ್ನಿ, ಇದನ್ನ ನಾನು ಒರೆಸಿಡ್ತೀನಿ ಎಂದಿದ್ದ ಹುಡುಗ.

"ಆ ತಗಡು ಬಿಚ್ಚಲು ಸ್ಕ್ರೂಡ್ರೈವರೂ ಬೇಡ," ಚಂದ್ರಕ್ಕ ಮೆಲ್ಲಗೆ ಹೇಳಿದರು. "ಕ್ರಮ ಗೊತ್ತಿದ್ರೆ ಬರಿಗೈಯಲ್ಲೇ ಬರ್ತದೆ. ಪೂಜೆಯ ಮರುದಿನದಿಂದ ನೀನು ಈ ಹೋಟೆಲಿಗೆ ಕಾಲಿಟ್ಟಿಲ್ಲ ವಿನಾಯಕ. ಇವತ್ತು ಮಾತ್ರ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಿ. ಎಂತ ನೋಡ್ಲಿಕ್ಕೆ?"

ವಿನಾಯಕ್ ಲೋಟ ಕೆಳಗಿಟ್ಟ.

"ನಗು ನೋಡೋಕೆ, ಆಂಟಿ."

"ಥೂ! ನಿನಗೆ ಎಷ್ಟು ಸಲ ಊಟ ಹಾಕಿದ್ದೇನೆ ನಾನು!" ಶೀನ ಕೂಗಿದ.

"ಹಾಕಿದ್ದೀರಿ. ಕೆಲಸ ಹೋದ ವಾರ ಬಂದು ಕೇಳಿದೆ, ಬೇರೆ ಸಿಗೋವರೆಗೂ ಗಲ್ಲಾದಲ್ಲಿ ಕೂತ್ಕೊಳ್ತೀನಿ, ಸಂಬಳಾನೂ ಬೇಡ ಶೀನಣ್ಣ, ಮನೇಲಿ ಒಬ್ನೇ ಕೂತ್ರೆ ಹುಚ್ಚು ಹಿಡಿಯುತ್ತೆ ಅಂತ. ಹೋಟೆಲ್ ತುಂಬಾ ಜನ. ನೀವೇನಂದ್ರಿ? ನೆನಪಿದೆಯಾ?"

ಶೀನನಿಗೆ ನೆನಪಿತ್ತು. ಹೇಳುವಾಗ ಬಹಳ ತಮಾಷೆಯ ಮಾತಾಗಿತ್ತು.

"ನಾನೇ ಹೇಳ್ತೀನಿ. 'ಅಷ್ಟು ದೊಡ್ಡ ಬ್ಯಾಂಕನ್ನೇ ಮುಳುಗಿಸಿ ಬಂದಿದ್ದಿ, ನನ್ನ ಗಲ್ಲಾ ಯಾವ ಲೆಕ್ಕ ಮಾರಾಯ?' ಎಲ್ಲರೂ ನಕ್ಕರು. ಇವತ್ತು ನಕ್ಕೋರೂ ಅವರೇ. ಆ ಬಾಗಿಲಿಂದ ಕಾರಿನವರೆಗೆ ಹೋಗೋಷ್ಟರಲ್ಲಿ ತೀರ್ಮಾನ ಮಾಡಿದ್ದೆ, ನೀವೂ ಒಂದು ದಿನ ಹೀಗೇ ನಿಲ್ಲಬೇಕು ಅಂತ. ನೀವು ಜಂಬ ಪಡೋ ವಸ್ತು ಈ ಊರಲ್ಲಿ ಒಂದೇ ಇತ್ತು. ಹಳೇ ತಗಡುಗಳನ್ನ ಪಿಸ್ತೂಲು ಕಲೆಕ್ಟ್ ಮಾಡೋರ ಮೇಳದಲ್ಲಿ ರಾಶಿ ಹಾಕಿ ಮಾರ್ತಾರೆ. ಬರೀ ತಗಡಿಗೆ ಲೈಸೆನ್ಸೂ ಕೇಳಲ್ಲ."

"ಅಸಲಿ ತಗಡು ಎಲ್ಲಿ?" ಚಂದ್ರಕ್ಕ ಕೇಳಿದರು. "ಫ್ರಾಂಕಜ್ಜ ನಿನಗೆಂತ ಮಾಡಿದ್ರು?"

ಆ ಮಾತಿಗೆ ಮಾತ್ರ ವಿನಾಯಕ್ ತಲೆ ತಗ್ಗಿಸಿದ. ಕೋಟಿನ ಒಳಜೇಬಿನಿಂದ ಕರವಸ್ತ್ರದ ಪುಟ್ಟ ಗಂಟು ತೆಗೆದು ಮೇಜಿನ ಮೇಲಿಟ್ಟ. "ಫೆರಿಯಲ್ಲಿ ಹೋಗುವಾಗ ಹಡ್ಸನ್ ನದಿಗೆ ಎಸೆಯೋಣ ಅಂತ ಎಷ್ಟೋ ಸಲ ಕೈಗೆತ್ತಿಕೊಂಡೆ. ಅವರ ಹೆಸರು ನೆನಪಾಗಿ ಆಗಲಿಲ್ಲ. ಪ್ರತಿ ಇಂಟರ್‌ವ್ಯೂಗೂ ಜೇಬಲ್ಲೇ ಇಟ್ಕೊಂಡು ಹೋದೆ."

ಚಂದ್ರಕ್ಕ ನಡೆದದ್ದನ್ನು ನಾಲ್ಕು ಮಾತಿನಲ್ಲಿ ರಿನಾಲ್ಡಿಗೆ ತಿಳಿಸಿದರು. ಅವರು ಕಾಲರು ಸರಿಮಾಡಿಕೊಂಡು ಕನ್ನಡಕ ಏರಿಸಿದರು. 67ರ ತಗಡು ತೆಗೆದರು, ಗಂಟಿನಲ್ಲಿದ್ದದ್ದನ್ನು ಕೂರಿಸಿದರು. ಟಕ್. 41.

"ಇದೇ ಫ್ರಾಂಕನ ಪಿಸ್ತೂಲು," ಎಂದು ಜೇಬಿನಿಂದ ಪೆನ್ನು ತೆಗೆದರು. ಶೀನ ಏನೋ ಹೇಳಹೋದ. ಅವರು ಅವನ ಮುಖ ನೋಡಲಿಲ್ಲ.

"ಮುಂದಿನ ಭಾನುವಾರ ಎಲ್ಲರನ್ನೂ ಕರೀತೇನೆ," ಶೀನ ಹಲ್ಲು ಕಚ್ಚಿದ. "ಅವರೆದುರು ನೀನು ನಿಂತು ಹೇಳ್ಬೇಕು. ಕದ್ದವನು ನಾನು ಅಂತ."

"ಹೇಳ್ತೀನಿ. ಯಾಕೆ ಕದ್ದೆ ಅಂತಾನೂ ಹೇಳ್ತೀನಿ. ನಿಮ್ಮ ಮಾತನ್ನ ನಿಮ್ಮ ದನೀಲೇ ಹೇಳ್ತೀನಿ." ವಿನಾಯಕ್ ಎದ್ದ. "ಈ ಸಲ ಯಾರನ್ನ ನೋಡಿ ನಗ್ತಾರೋ ನೋಡೋಣ."

ಬಾಗಿಲು ತೆರೆದು ಮುಚ್ಚಿತು. ಒಂದಿಷ್ಟು ಹಿಮ ಒಳಗೆ ಹಾರಿಬಂತು.

ಓಂಕಾರ್ ಮೆಲ್ಲಗೆ ಕೇಳಿದ, "ಪಿಸ್ತೂಲು ಅಸಲಿ ಅಂತ ಹೇಳಿದ್ರೆ ಸಾಕಲ್ಲ ಶೀನಣ್ಣ? ಅವನನ್ನು ಕರೀಬೇಕಾ? ಮರ್ಯಾದೆ ನಿಮ್ಮದೂ ಹೋಗ್ತದೆ."

"ಹೋಗ್ಲಿ," ಎಂದ ಶೀನ. ಅವನ ಕೈ ಆಗಲೇ ಫೋನಿನ ಮೇಲಿತ್ತು. "ನನ್ನದು ಹೋದ್ರೂ ಅಡ್ಡಿಯಿಲ್ಲ. ಅವನದ್ದು ಉಳೀಬಾರ್ದು."

ಚಂದ್ರಕ್ಕ ಅವನನ್ನು ಒಂದು ಗಳಿಗೆ ನೋಡಿದರು. ಮೂಲೆಯ ಮೇಜಿನ ಮೇಲೆ ವಿನಾಯಕ್ ಮರೆತುಹೋಗಿದ್ದ ಉಣ್ಣೆಯ ಕೈಗವಸುಗಳನ್ನು ಎತ್ತಿಕೊಂಡು, ಸೀರೆಯ ನೆರಿಗೆ ಹಿಡಿದು, ಹಿಮ ಬೀಳುತ್ತಿದ್ದ ಬಾಗಿಲತ್ತ ನಡೆದರು.