ಮೀನು ಬಿಟ್ಟುಹೋದ ಕೆಚಪ್

ಉತ್ತಪ್ಪನ ನಾಲಿಗೆಗೆ ಒಂದು ಹನಿ ಕೆಚಪ್ ತಾಗಿದರೆ ಸಾಕು, ಟೊಮೆಟೊ ಯಾವ ಹೊಲದ್ದು, ಎಷ್ಟನೇ ಸಾಲಿನದ್ದು, ಆ ಸಾಲಿಗೆ ನೀರು ಬಿಟ್ಟವನು ಅಂದು ಬೆಳಿಗ್ಗೆ ಹೆಂಡತಿಯ ಜೊತೆ ಜಗಳಾಡಿದ್ದನೋ ಇಲ್ಲವೋ, ಎಲ್ಲ ತಿಳಿದುಬಿಡುತ್ತಿತ್ತು. ಹಾಗಂತ ಅವನೇ ಹೇಳಿಕೊಳ್ಳುತ್ತಿದ್ದ. ನಾಗಪುರದ ಪಕ್ಕದ ಬುಟಿಬೋರಿಯ ಸಾಸ್ ಕಾರ್ಖಾನೆ ಹಾಗಂತ ನಂಬಿಯೂ ಇತ್ತು. ಏರ್‌ಫೋರ್ಸ್‌ನವರ ಮಗ, ಕೊಡಗಿನ ಮೀಸೆ, ನಾಗಪುರದ ಹಿಂದಿ. ಇಂಥವನು ಸುಳ್ಳು ಹೇಳಿದರೂ ಇನ್ನೊಂದು ಸಲ ಕೇಳೋಣ ಎನಿಸುತ್ತದೆ.

ಸೌಜನ್ಯಾಳಿಗೆ ಮಾತ್ರ ಅವನನ್ನು ಕಂಡರೆ ಅಸಹ್ಯ.

ಅವಳು ಗದಗಿನಿಂದ ವರ್ಗವಾಗಿ ಬಂದ ರೈಲ್ವೆ ಮಲ್ಲೇಶಪ್ಪನವರ ಮಗಳು. ರುಚಿ ನೋಡುವ ಕೋಣೆಯಲ್ಲಿ ಉತ್ತಪ್ಪನ ಎದುರಿನ ಕುರ್ಚಿ ಅವಳದು. ಪ್ರತಿ ಬ್ಯಾಚನ್ನೂ ಮೊದಲು ಅವಳು, ಆಮೇಲೆ ಮ್ಯಾನೇಜರ್ ಪಾಂಡುರಂಗರು ಸವಿಯಬೇಕು. ಹಿರಿಯ ಟೇಸ್ಟರ್ ಉತ್ತಪ್ಪ ಕೊನೆಗೆ ಸವಿದು ತೀರ್ಪು ಕೊಡುವುದು ಅಲ್ಲಿನ ಪದ್ಧತಿ. ಅವಳು ಚಮಚ ಎತ್ತಿದ್ದೇ ತಡ, ಅವನ ಕಣ್ಣು ಅವಳ ಮುಖಕ್ಕೆ ಅಂಟಿಕೊಳ್ಳುತ್ತಿತ್ತು. ತುಟಿಯಿಂದ ಮೂಗಿಗೆ, ಮೂಗಿನಿಂದ ಹುಬ್ಬಿಗೆ, ಹುಬ್ಬಿನಿಂದ ಮತ್ತೆ ತುಟಿಗೆ. ಭೂಮಿ ಹುಟ್ಟಿದ ಮೇಲೆ ಯಾವ ಗಂಡಸೂ ಅಷ್ಟು ಹೊತ್ತು ರೆಪ್ಪೆ ಬಡಿಯದೆ ಇದ್ದಿರಲಿಕ್ಕಿಲ್ಲ. ಮುಖದ ಮೇಲೆ ನೊಣ ಕೂತಿದ್ದರೂ ಅಷ್ಟು ಕಸಿವಿಸಿ ಆಗುತ್ತಿರಲಿಲ್ಲ.

ಅದಕ್ಕಿಂತ ಅಸಹ್ಯದ ಸಂಗತಿ ಇನ್ನೊಂದಿತ್ತು. ಅವನು ರಜೆ ಹಾಕಿದ ದಿನ ಅವಳಿಗೆ ಕೆಚಪ್ ಸಪ್ಪೆ ಎನಿಸುತ್ತಿತ್ತು. ಥೂ! ತನ್ನ ಮೇಲೆ ತನಗೇ ಹೇಸಿಗೆಯಾಗಿ ಅವಳು ಪಾಂಡುರಂಗರಿಗೆ ದೂರು ಬರೆದಳು. ಕೊಟ್ಟರೆ ಅವನ ಕೆಲಸ ಹೋಗುವುದು ಖಂಡಿತ. ಹನ್ನೊಂದು ದಿನದಿಂದ ಆ ಪತ್ರ ಬ್ಯಾಗಿನಲ್ಲೇ ಇತ್ತು.

ಅಷ್ಟರಲ್ಲಿ ಪಾಂಡುರಂಗರು ಅವಳಿಗೊಂದು ಕೆಲಸ ಹಚ್ಚಿದರು. ಹೊರಗಿನಿಂದ ಬರುವವರು ಓದಲು ಗೋಡೆಗೊಂದು ಬೋರ್ಡು: ಕೆಚಪ್ ಎಂಬ ಶಬ್ದ ಎಲ್ಲಿಂದ ಬಂತು?

ಎರಡು ದಿನ ಓದಿ, ಮೂರನೇ ದಿನ ಅವಳು ಚಮಚವನ್ನೇ ದೂರ ತಳ್ಳಿದಳು.

"ಏನಾಯ್ತು ಸೌಜನ್ಯಾ ಅವ್ರೇ? ಜಲ್ದಿ ಟೇಸ್ಟ್ ಮಾಡಿ," ಎಂದ ಉತ್ತಪ್ಪ.

"ಇಸ್ಸಿ! ಇದು ಮೀನಿನ ನೀರು ರೀ."

"ಅರೇ, ಟೊಮೆಟೊ ಅಲ್ವಾ?"

"ಈಗ ಟೊಮೆಟೊ. ಮೂಲದಾಗ ಮೀನು. ಚೀನಾದ ದಕ್ಷಿಣ ಕರಾವಳಿಯವರು ಮೀನಿಗೆ ಉಪ್ಪು ಹಾಕಿ, ಕೊಳೆಸಿ, ರಸಾ ತಗೀತಿದ್ರಂತ. ಅದರ ಹೆಸರು ಕೆ-ಚಿಯಾಪ್. ಬಹುತೇಕ ಪಂಡಿತರು ಹೇಳೂದು ಹಂಗ. ಮಲಯದವರ ಬಾಯಾಗ ಕೇಚಪ್ ಆತು. ಇಂಗ್ಲಿಷರು ಹಡಗಿನಾಗ ಹೊತ್ಕೊಂಡು ಹೋಗಿ ಒಬ್ಬೊಬ್ಬರು ಒಂದೊಂದು ಥರಾ ಬರದ್ರು. ಕ್ಯಾಚಪ್, ಕೆಚಪ್, ಕ್ಯಾಟ್ಸಪ್. ಅಣಬಿದು ಮಾಡಿದ್ರು, ಅಕ್ರೋಟದ್ದು ಮಾಡಿದ್ರು. ಟೊಮೆಟೊ ಬಂದದ್ದು ಕಡೀಗೆ. ಮೀನು ಬಿಟ್ಟುಹೋತು, ಹೆಸರು ಉಳೀತು."

"ಹೆಸರು ಮಾತ್ರ ಉಳೀತಾ?" ಎಂದು ಉತ್ತಪ್ಪ ಮೆಲ್ಲಗೆ ಕೇಳಿದ. ಅಷ್ಟು ಚಿಕ್ಕ ಮಾತು ಆ ಬಾಯಿಂದ ಬಂದದ್ದು ಅದೇ ಮೊದಲು.

ಅಂದು ಅವಳು ಪ್ರತಿ ಚಮಚಕ್ಕೂ ಮೀನನ್ನು ನೆನೆದು ಮುಖ ಕಿವುಚಿದಳು. ಉತ್ತಪ್ಪ ಮೂರು ಬ್ಯಾಚನ್ನೂ ಬೇಡವೆಂದ. "ವಾಸನೆ ಕೆಟ್ಟಿದೆ, ಎಸೀರಿ." ಲ್ಯಾಬಿನಿಂದ ವರದಿ ಬಂತು: ಮೂರೂ ಬ್ಯಾಚು ಚೊಕ್ಕ.

ಸೌಜನ್ಯಾಳ ತಲೆಗೆ ಅನುಮಾನದ ಹುಳ ಹೊಕ್ಕಿತು.

ಬೋರ್ಡಿನ ಪಕ್ಕ ಇಡಲೆಂದು ಅವಳು ನಾಗಪುರದ ಸೀತಾಬರ್ಡಿ ಪೇಟೆಯಿಂದ ಒಂದು ಬಾಟಲಿ ಮೀನಿನ ರಸ ತರಿಸಿದ್ದಳು. ಸಸ್ಯಾಹಾರಿ ಕಾರ್ಖಾನೆ, ವಾಚ್‌ಮನ್ ಅದನ್ನು ಗೇಟಿನಲ್ಲೇ ತಡೆದಿಟ್ಟಿದ್ದ. ಸಂಜೆ ಗೇಟಿನ ಹೊರಗೆ, ಕಂಪನಿ ಬಸ್ಸು ನಿಲ್ಲುವ ಬೇವಿನ ಮರದಡಿ, ಎರಡೆರಡು ಗ್ಲೌಸು ತೊಟ್ಟು, ಉಸಿರು ಬಿಗಿಹಿಡಿದು, ಅವಳು ಡಬ್ಬಿಯ ಕೆಚಪ್ಪಿಗೆ ಎರಡು ಚಮಚ ರಸ ಬೆರೆಸಿದಳು. ಹೆದ್ದಾರಿಯಲ್ಲಿ ಹೋಗುತ್ತಿದ್ದ ವರ್ಧಾ ಬಸ್ಸಿನ ಕಿಟಕಿಗಳು ತಾವಾಗಿಯೇ ಮುಚ್ಚಿಕೊಂಡವು. ಮೂರು ಊರಿನ ಬೆಕ್ಕುಗಳು ಎದ್ದು ಕೂತವು.

ಉತ್ತಪ್ಪ ಬಂದ. ಅವಳು ಸಮೋಸಾ ಮುಂದೆ ಚಾಚಿದಳು. "ಹೊಸಾ ಸಾಸ್. ರುಚಿ ಹೇಳ್ರಿ."

ಅವನು ಮೊದಲು ಅವಳನ್ನು ನೋಡಿದ. ತುಟಿ, ಮೂಗು, ಹುಬ್ಬು. ಅವಳು ಮುಖವನ್ನು ಕಲ್ಲಾಗಿಸಿ ನಿಂತಳು.

ಅವನು ಅದ್ದಿ ತಿಂದು ಕಣ್ಣು ಮುಚ್ಚಿದ. "ಆಹಾ! ಉಪ್ಪು ಒಂಚೂರು ಜಾಸ್ತಿ. ಬಾಕಿ ಏಕ್‌ದಂ ಫ್ರೆಶ್. ಗಿಡದಲ್ಲೇ ಹಣ್ಣಾದ ಟೊಮೆಟೊ. ಮೂರನೇ ಸಾಲಿಂದು."

ಕಲ್ಲು ಒಡೆಯಿತು. ಅವಳು ಮರ ಹಿಡಿದು ಓಕರಿಸಿದಳು, ನಕ್ಕಳು, ಮತ್ತೆ ಓಕರಿಸಿದಳು. "ಕೊಳೆತ ಮೀನಿನ ರಸಾ ಐತ್ರೀ ಅದರಾಗ!"

ಉತ್ತಪ್ಪ ಸಮೋಸಾ ಕೆಳಗಿಟ್ಟ. ಮೀಸೆ ಇಳಿಬಿತ್ತು.

"ಕೊರೊನಾ ಬಂದಾಗ ವಾಸನೆ ಹೋಯ್ತು, ವಾಪಸ್ ಬರ್ಲೇ ಇಲ್ಲ. ಉಪ್ಪು, ಹುಳಿ, ಸಿಹಿ ಗೊತ್ತಾಗ್ತದೆ. ಬಾಕಿ ಎಲ್ಲ ಸೊನ್ನೆ. ನಿಮ್ಮ ಕೆಚಪ್ ಥರಾನೇ ನಾನು. ಒಳಗಿನದು ಹೋಯ್ತು, ಹೆಸರು ಉಳೀತು."

"ಮತ್ತ ಇಷ್ಟು ದಿನಾ ಹೆಂಗ ಹೇಳಿದ್ರಿ?"

"ನಿಮ್ಮ ಮುಖ ನೋಡಿ. ಹಸಿ ವಾಸನೆ ಇದ್ರೆ ನಿಮ್ಮ ಮೂಗಿನ ಎಡಗಡೆ ಮಾತ್ರ ಸುಕ್ಕಾಗ್ತದೆ. ತಳ ಹತ್ತಿದ್ರೆ ಹುಬ್ಬು ಕೂಡ್ತದೆ. ಚೆನ್ನಾಗಿದ್ರೆ ಕೆಳತುಟಿ ಒಂಚೂರು ಒಳಗೆ ಹೋಗ್ತದೆ. ಕೇಳದೇ ನೋಡಿದ್ದು ತಪ್ಪು. ಮಾಫ್ ಮಾಡಿ."

ಅವಳ ಕೆಳತುಟಿ ತಾನಾಗಿಯೇ ಒಳಗೆ ಸರಿಯಿತು. ತಟ್ಟನೆ ದುಪಟ್ಟಾ ಅಡ್ಡ ಹಿಡಿದಳು.

"ಅಂದ್ರ ನಾ ನಿಮಗ ಬರೇ ಮೂಗು. ನೌಕರಿ ಸಲುವಾಗಿ ನೋಡ್ತಿದ್ರಿ. ಬ್ಯಾರೆ ಏನೂ ಇಲ್ಲ?"

"ಬಿಸಿನೆಸ್, ಬಸ್. ಬೇರೆ ಏನೂ ಇಲ್ಲ."

ಅವಳು ಬ್ಯಾಗಿನಿಂದ ಪತ್ರ ತೆಗೆದಳು. "ನಿಮ್ಮ ನೋಟದ ಮ್ಯಾಲ ದೂರು ಬರದಿದ್ದೆ." ನಾಲ್ಕು ತುಂಡು ಮಾಡಿ ಡಬ್ಬಿಯೊಳಗೆ ತುರುಕಿದಳು. "ನಾಳೆ ಸಾಹೇಬರ ಮುಂದ ನೀವಾಗೇ ಖರೇ ಹೇಳ್ರಿ."

"ಹೇಳ್ತೀನಿ," ಎಂದ ಅವನು. ಈ ಸಲ ಮೂರನೇ ಸಾಲು, ನಾಲ್ಕನೇ ಸಾಲು ಏನೂ ಸೇರಿಸಲಿಲ್ಲ.

ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಕಾಲಿಟ್ಟು ಹೊರಳಿದಳು.

"ಒಂದ್ ಮಾತು, ಉತ್ತಪ್ಪನವ್ರೇ. ಕ್ಯಾಂಟೀನಿನಾಗ ನಾ ಬರೇ ನೀರು ಕುಡೀತಿರ್ತೀನಿ. ಆಗೂ ನನ್ನ ಮುಖಾನ ನೋಡ್ತಿರ್ತೀರಿ. ಅದು ಯಾವ ಬ್ಯಾಚು? ಖರೇ ಹೇಳಿ, ಬಾಯಿ ತೊಳಕೊಂಡು ಬಂದ್ರ ಬಾಜೂ ಸೀಟು ಹಿಡದಿರ್ತೀನಿ. ಮೀನಿನ ನಾತಕ್ಕ ಸಾಯಾಕತ್ತೀನಿ."

ಉತ್ತಪ್ಪ ಒಂದು ಸುಳ್ಳಿಗಾಗಿ ತಡಕಾಡಿದ. ಇಡೀ ವಿದರ್ಭಕ್ಕೆ ಸಾಲುವಷ್ಟು ದಾಸ್ತಾನಿದ್ದವನ ಬಳಿ ಒಂದೂ ಸಿಗಲಿಲ್ಲ.

"ಯಾವ ಬ್ಯಾಚೂ ಇಲ್ಲ," ಎಂದ. "ನಿಮ್ಮನ್ನೇ ನೋಡ್ತಿದ್ದೆ. ರುಚಿ ತಿಳ್ಕೊಳ್ಳೋಕೆ ಪಾಂಡುರಂಗ್ ಸಾಹೇಬ್ರ ಮುಖಾನೂ ಸಾಕಿತ್ತು."