ಹಂಡೆಪುರದ ಬಚ್ಚಲಲ್ಲಿ ನಿಂತ ನೀರು

ಬಹಳ ಹಿಂದೆ, ಬಾವಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹಂಡೆಪುರ ಎಂಬ ಒಂದು ರಾಜ್ಯವಿತ್ತು. ಅದರ ದೊರೆ ಮೇಘವರ್ಮನಿಗೆ ಆನೆ ಕುದುರೆಗಳ ಮೇಲೆ ಅಂಥ ಆಸೆಯೇನೂ ಇರಲಿಲ್ಲ. ಅವನ ಜೀವವೆಲ್ಲ ಸ್ನಾನದಲ್ಲಿತ್ತು. ಅರಮನೆಯ ಬಚ್ಚಲುಮನೆಯಲ್ಲಿ ಎತ್ತು ಮುಳುಗುವಷ್ಟು ದೊಡ್ಡ ತಾಮ್ರದ ಹಂಡೆ ಇತ್ತು. ದೊರೆ ಒಳಗೆ ಹೋದನೆಂದರೆ ಮಂತ್ರಿಗಳು ಬಾಗಿಲ ಹೊರಗೆ ನಿಂತು ರಾಜ್ಯದ ಸಂಗತಿಗಳನ್ನು ಕೂಗಿ ಹೇಳಬೇಕಿತ್ತು.

ಆ ವಂಶದವರಿಗೆ ಒಂದು ಭಯವಿತ್ತು. ಉದುರಿದ ಕೂದಲು ಮಾಟಗಾರನ ಕೈಗೆ ಸಿಕ್ಕಿದರೆ ಆ ಕೂದಲಿನ ಒಡೆಯರ ಕತೆ ಮುಗಿದಂತೆ ಎಂದು ಅವರು ನಂಬಿದ್ದರು. ಅದಕ್ಕೇ ತಲೆ ಬಾಚಿದಾಗ, ತಲೆಗೆ ಎರೆದುಕೊಂಡಾಗ ಉದುರಿದ ಕೂದಲನ್ನೆಲ್ಲ ಉಂಡೆ ಮಾಡಿ ಜಾಲರಿಯ ಸಂದಿಯಿಂದ ಬಚ್ಚಲ ತೂತಿನೊಳಗೆ ತುರುಕಿ, ಕಡ್ಡಿಯಿಂದ ಒತ್ತಿ, ಕೈ ತೊಳೆದುಕೊಳ್ಳುತ್ತಿದ್ದರು. ಏಳು ತಲೆಮಾರು ಹೀಗೇ ನಡೆಯಿತು.

ಆಸ್ಥಾನದಲ್ಲಿ ಜಟಾಕೇಸರಿ ಎಂಬ ಮಾಂತ್ರಿಕನಿದ್ದ. ಗೋರಂಟಿ ಹಚ್ಚಿ ಕೆಂಪು ಮಾಡಿಕೊಂಡ ಗಡ್ಡ ಅವನ ಮೊಣಕಾಲಿನವರೆಗೆ ಇಳಿದಿತ್ತು. ಅರಮನೆಗೆ ಮಾಟ ತಗುಲದಂತೆ ಕಾಯುವುದು ಅವನ ಕೆಲಸ. ಅರಸನ ಮನೆಯವರ ಕೂದಲು ಒಂದು ಎಳೆಯಾದರೂ ಸಿಗಲಿ ಎಂದು ಕಾಯುತ್ತಿದ್ದವನೂ ಅವನೇ, ಏಕೆಂದರೆ ಸಿಂಹಾಸನದ ಮೇಲೆ ಅವನಿಗೆ ಕಣ್ಣಿತ್ತು. "ನಾನು ತಪಸ್ವಿ, ನೀರು ಮುಟ್ಟುವವನಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದ. ನೀರು ಮುಟ್ಟದವನ ಮೈಯಿಂದ ದಿನಾ ಬೆಳಗ್ಗೆ ಸೀಗೆಪುಡಿಯ ವಾಸನೆ ಹೇಗೆ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ದೊಡ್ಡವರ ಮನೆಗಳಲ್ಲಿ ಕೇಳಬೇಕಾದ್ದನ್ನು ಯಾರು ಕೇಳುತ್ತಾರೆ ಹೇಳಿ.

ಇತ್ತ ಬಚ್ಚಲ ತೂತಿನೊಳಗೆ ಕೂದಲು, ಎಣ್ಣೆ, ಸೀಗೆಪುಡಿ ಎಲ್ಲ ಸೇರಿ ಗಟ್ಟಿಯಾಗಿ, ಅದಕ್ಕೆ ಜೀವ ಬಂದು, ಎರಡು ಕಣ್ಣು ಮೂಡಿದವು. ಹಾಗೆ ಬಚ್ಚಲ ಭೂತ ಹುಟ್ಟಿತು. ನೀರು ಮೊದಲು ನಿಧಾನವಾಗಿ ಇಳಿಯತೊಡಗಿತು, ಆಮೇಲೆ ಪಾದದ ಮಟ್ಟಕ್ಕೆ ನಿಲ್ಲತೊಡಗಿತು. "ಇಳಿಯುತ್ತೆ ಬಿಡಿ" ಎಂದು ದೊರೆ ಇನ್ನೊಂದು ತಂಬಿಗೆ ಸುರಿದುಕೊಳ್ಳುತ್ತಿದ್ದ.

ದೀಪಾವಳಿ ಬಂತು. ದೊರೆಯ ಮಗಳು ಇಂದುಲೇಖೆಗೆ ಅದೇ ವರ್ಷ ಮದುವೆಯಾಗಿತ್ತು. ಅಳಿಯ ಮಕರಂದ ಮೊದಲ ಹಬ್ಬಕ್ಕೆ ಬಂದ. ಅವನು ಒಂದು ಪುಟ್ಟ ರಾಜ್ಯದ ಎಂಟನೆಯ ರಾಜಕುಮಾರ.

"ನಿಮ್ಮ ಅರಮನೆಯಲ್ಲಿ ಎಷ್ಟು ಬಚ್ಚಲುಮನೆ, ಅಳಿಯಂದಿರೇ?" ಎಂದು ದೊರೆ ಕೇಳಿದ.

"ಒಂದೇ, ಮಾವನವರೇ. ಕೊನೆಯಲ್ಲಿ ಸ್ನಾನ ಮಾಡಿದವನು ಅದನ್ನು ತೊಳೆಯಬೇಕು. ಏಳು ಜನ ಅಣ್ಣಂದಿರಾದ ಮೇಲೆ ನನ್ನ ಸರದಿ."

ದೊರೆ ಮೀಸೆಯಲ್ಲೇ ನಕ್ಕ. ಮಕರಂದನ ಮುಖ ಸಣ್ಣದಾಯಿತು. ಇಂದುಲೇಖೆಗೆ ಅಪ್ಪನ ಮೇಲೆ ಸಿಟ್ಟು ಬಂತು.

ಹಬ್ಬದ ಬೆಳಗ್ಗೆ ರಾಣಿ ಕನಕಾಂಬೆ ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ತಲೆ ತುಂಬ ಎಣ್ಣೆ ಒತ್ತಿದಳು. ಆದರೆ ಮೊದಲ ನೀರು ದೊರೆಯದು. ಮೇಘವರ್ಮ ಒಳಗೆ ಹೋದ. ಹಬ್ಬದ ನೀರು, ಹದವಾದ ಬಿಸಿ, ಅವನಿಗೆ ಮೈಮೇಲೆ ಎಚ್ಚರವೇ ಉಳಿಯಲಿಲ್ಲ. ನೀರು ಮೀನಖಂಡಕ್ಕೆ ಬಂತು, ಮೊಣಕಾಲಿಗೆ ಬಂತು. ನಿಂತ ನೀರಲ್ಲಿ ಅತಿಯಾಗಿ ನಿಂತವರು ಕಪ್ಪೆಯಾಗುತ್ತಾರೆ ಎಂಬುದು ಆ ಲೋಕದ ನಿಯಮ. ದೊರೆ ಕಪ್ಪೆಯಾದ.

ಬಾಗಿಲ ಹೊರಗೆ ನಿಂತ ಮಂತ್ರಿಗಳು ಗಡಿಯ ಸಂಗತಿ ಹೇಳಿದರು. ಒಳಗಿನಿಂದ "ವಟರ್" ಎಂಬ ಉತ್ತರ ಬಂತು. ಅದನ್ನು ಒಪ್ಪಿಗೆ ಎಂದುಕೊಂಡು ಅವರು ಮುಂದಿನ ಸಂಗತಿಗೆ ಹೋದರು.

ಎಷ್ಟು ಹೊತ್ತಾದರೂ ದೊರೆ ಹೊರಗೆ ಬರದಾಗ, ಸೋಪು, ದೀಪ, ಟವೆಲು ಹಿಡಿದು ಓಡಾಡುವ ನಮ್ಮ ಮನೆಗಳಂಥದ್ದೇ ಗಲಾಟೆ ಎದ್ದಿತು, ಸೋಪು ಮಾತ್ರ ಆಗ ಇರಲಿಲ್ಲ. ರಾಣಿ ಬಾಗಿಲು ತೆರೆದಾಗ ಕಿರೀಟದೊಳಗೆ ಕುಳಿತ ಕಪ್ಪೆ ನೀರಿನ ಮೇಲೆ ತೇಲುತ್ತಿತ್ತು. ಜಟಾಕೇಸರಿ ಬಂದು ನೋಡಿ, ಗಡ್ಡ ನೀವಿಕೊಂಡ.

"ಹಂಡೆಯ ಒಲೆ ಆರುವುದರೊಳಗೆ ಈ ನೀರು ಇಳಿದರೆ ದೊರೆ ಮತ್ತೆ ಮನುಷ್ಯನಾಗುತ್ತಾನೆ. ಇಳಿಯದಿದ್ದರೆ ಕಪ್ಪೆ ಕಪ್ಪೆಯೇ. ರಾಜ್ಯ ನೋಡಿಕೊಳ್ಳಲು ನಾನಿದ್ದೇನೆ, ಯೋಚನೆ ಬೇಡ."

"ಒಲೆಗೆ ಇನ್ನೊಂದಿಷ್ಟು ಸೌದೆ ಒಡ್ಡಿದರಾಯಿತು" ಎಂದಳು ರಾಣಿ.

"ಹೊಸ ಸೌದೆ ಒಡ್ಡುವ ಹಾಗಿಲ್ಲ" ಎಂದು ಜಟಾಕೇಸರಿ ತಡಮಾಡದೆ ಸೇರಿಸಿದ.

ಮೊದಲು ಸೇನಾಪತಿ ಬಂದ. ಶತ್ರುಗಳ ಎದೆ ಸೀಳಿದ ಈಟಿಯನ್ನು ಕಟ್ಟೆಯ ಮೇಲೆ ನಿಂತು ತೂತಿನೊಳಗೆ ನೂಕಿದ. ಭೂತ ಇನ್ನೂ ಆಳಕ್ಕೆ ಜರುಗಿ ಈಟಿಯನ್ನು ಕಚ್ಚಿ ಎಳೆದುಕೊಂಡಿತು. ನೀರು ಒಂದು ಗೇಣು ಏರಿತು.

ಆಮೇಲೆ ಜಟಾಕೇಸರಿ ಮುಂದೆ ಬಂದ. ಸುಣ್ಣ, ಹುಣಸೆಹುಳಿ, ಕುದಿಯುವ ನೀರು ಬೆರೆಸಿ, ಮಂತ್ರ ಹೇಳಿ ಸುರಿದ. ಬುಸಬುಸನೆ ನೊರೆ ಎದ್ದಿತು. ದೊರೆ ಬಿಸಿ ತಾಳಲಾರದೆ ಹಂಡೆಯ ಕಂಠಕ್ಕೆ ಹಾರಿ ಕುಳಿತ. ಕೆಳಗಿನಿಂದ ಒಂದು ದನಿ ಬಂತು: "ಹಿತವಾಗಿದೆ. ಬೆನ್ನಿಗೂ ಒಂದು ಚೊಂಬು ಹಾಕಿ." ನೀರು ಇನ್ನೊಂದು ಗೇಣು ಏರಿತು. ಒಲೆಯಲ್ಲಿ ಉರಿ ಹೋಗಿ ಕೆಂಡ ಮಾತ್ರ ಉಳಿಯಿತು.

ಮಕರಂದ ಮಣೆಯಿಂದ ಎದ್ದ. ಕಣ್ಣಿಗೆ ಇಳಿಯುತ್ತಿದ್ದ ಎಣ್ಣೆ ಒರೆಸಿಕೊಂಡ. "ನಾನು ನೋಡಲೇ?"

ರಾಣಿ ಅಡ್ಡ ಬಂದಳು. "ಬೇಡಿ ಅಳಿಯಂದಿರೇ. ಮೊದಲ ಹಬ್ಬಕ್ಕೆ ಬಂದ ಅಳಿಯನ ಕೈಲಿ ಬಚ್ಚಲು ತೊಳೆಸಿದರು ಅಂತ ಊರು ಆಡಿಕೊಳ್ಳುತ್ತೆ."

"ಅತ್ತೆಯವರೇ, ಮಾವನವರು ಕಪ್ಪೆಯಾಗಿದ್ದಾರೆ. ಊರು ಅದನ್ನೂ ಆಡಿಕೊಳ್ಳುತ್ತೆ."

"ಅಮ್ಮ, ನಿನಗೆ ಮರ್ಯಾದೆ ಬೇಕೋ, ಅಪ್ಪ ಬೇಕೋ?" ಎಂದಳು ಇಂದುಲೇಖೆ. ರಾಣಿ ಯೋಚಿಸುತ್ತಿರುವಾಗಲೇ ಅವಳು ಓಡಿಹೋಗಿ ಪಾತಾಳಗರಡಿ ತಂದಳು. ಬಾವಿಗೆ ಬಿದ್ದ ಕೊಡವನ್ನು ಎತ್ತುತ್ತಾರಲ್ಲ, ಮೈತುಂಬ ಕೊಕ್ಕೆಗಳಿರುವ ಆ ಕಬ್ಬಿಣದ ಗೊಂಚಲು.

ಮಕರಂದ ಪಂಚೆ ಎತ್ತಿ ಕಟ್ಟಿ ನೀರಿಗಿಳಿದ. ಕಾಲಬೆರಳುಗಳು ಆಗಲೇ ಹಸಿರಾಗತೊಡಗಿದವು. ಅವನು ತೂತಿನ ಮೇಲಿನ ಜಾಲರಿ ಕಿತ್ತು ಬದಿಗಿಟ್ಟು, ಪಾತಾಳಗರಡಿ ಇಳಿಬಿಟ್ಟು, ತಿರುವಿ, ಮೇಲಕ್ಕೆ ಎಳೆದ. ಮೊದಲ ಸಲ ಸೇನಾಪತಿಯ ಈಟಿ ಬಂತು. ಎರಡನೆಯ ಸಲ ಒಂದು ಮುತ್ತಿನ ಮೂಗುತಿ ಬಂತು. "ಅಯ್ಯೋ, ಇದಕ್ಕೋಸ್ಕರ ನಾದಿನಿಯ ಜೊತೆ ಮಾತು ಬಿಟ್ಟಿದ್ದೆನಲ್ಲ" ಎಂದು ರಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೂರನೆಯ ಸಲ ಏನೋ ಭಾರವಾದದ್ದು ಸಿಕ್ಕಿತು.

"ಯಾರದು, ನನ್ನ ಜುಟ್ಟಿಗೆ ಕೈ ಹಾಕಿದ್ದು?" ಎಂದಿತು ಭೂತ.

"ನಾನು, ಈ ಮನೆಯ ಅಳಿಯ. ಮೇಲೆ ಬರುತ್ತೀಯಾ?"

ಭೂತ ಮೆಲ್ಲಗೆ ಹೇಳಿತು: "ಏಳು ತಲೆಮಾರಿನಿಂದ ಎಲ್ಲರೂ ನನ್ನನ್ನು ಒಳಕ್ಕೆ ನೂಕಿದವರೇ. ಬಾ ಅಂದವನು ನೀನೊಬ್ಬ. ಬಿಸಿಲು ಹೇಗಿರುತ್ತೆ ಅಂತ ನೋಡಬೇಕು ನನಗೆ."

ಮಕರಂದನಿಗೆ ಪಾಪ ಅನಿಸಿತು. "ತೋರಿಸುತ್ತೇನೆ" ಎಂದ.

ಅವನು ಎಳೆದ, ಇಂದುಲೇಖೆ ಅವನ ಸೊಂಟ ಹಿಡಿದು ಎಳೆದಳು, ಕೊನೆಗೆ ರಾಣಿಯೂ ಮರ್ಯಾದೆ ಬಿಟ್ಟು ಮಗಳನ್ನು ಹಿಡಿದು ಎಳೆದಳು. ಭೂತದ ತಲೆ ಮೇಲೆ ಕಾಣಿಸಿತು. ಅಷ್ಟರಲ್ಲಿ ಜಟಾಕೇಸರಿ ಹಾರಿ ಬಂದು ಅದರ ಜುಟ್ಟನ್ನು ಗಬಕ್ಕನೆ ಹಿಡಿದುಕೊಂಡ. ಎಷ್ಟು ವರ್ಷದ ಆಸೆ ಅದು. ಕೈಯಲ್ಲಿರುವುದನ್ನು ನೋಡುವ ವ್ಯವಧಾನವೂ ಇಲ್ಲದೆ ಮಂತ್ರ ಹೇಳಿಯೇಬಿಟ್ಟ:

"ನನ್ನ ಮುಷ್ಟಿಯಲ್ಲಿರುವ ಕೂದಲು ಯಾರದೋ, ಅವರು ಕಪ್ಪೆಯಾಗಿ ಈ ಬಚ್ಚಲಲ್ಲೇ ಬಿದ್ದಿರಲಿ."

ಒಳಗೆ ತುರುಕಿದ್ದರಲ್ಲಿ ಕೊನೆಯದು ಎಲ್ಲಕ್ಕಿಂತ ಮೇಲಿರುತ್ತದೆ. ಆ ಜುಟ್ಟು ಕೆಂಪಗಿತ್ತು. ಅಂದು ಬೆಳಗ್ಗೆ ದೊರೆಗಿಂತ ಮೊದಲು ಕದ್ದು ಬಂದು ಹಬ್ಬದ ಬಿಸಿನೀರು ಹುಯ್ದುಕೊಂಡ ತಪಸ್ವಿ ತಾನೇ ತುರುಕಿದ್ದ ಗಡ್ಡದ ಕೂದಲು ಅದು. ಜಟಾಕೇಸರಿ ಇದ್ದ ಜಾಗದಲ್ಲಿ ಕೆಂಪು ಗಡ್ಡದ ಕಪ್ಪೆಯೊಂದು ನೀರಿಗೆ ಪುಳಕ್ಕನೆ ಬಿತ್ತು.

ಭೂತ ಪೂರ್ತಿ ಹೊರಬಂತು. ನೀರು ಗುಳುಗುಳು ಸದ್ದು ಮಾಡುತ್ತ ಸುಳಿ ಸುತ್ತಿ ಇಳಿದುಹೋಯಿತು. ಒಲೆಯಲ್ಲಿ ಒಂದೇ ಒಂದು ಕೆಂಡ ಇನ್ನೂ ಕೆಂಪಗಿತ್ತು. ಹಂಡೆಯ ಕಂಠದ ಮೇಲಿದ್ದ ಕಪ್ಪೆ ದೊರೆಯಾಯಿತು. ರಾಣಿ ಮೊದಲು ಒಂದು ವಸ್ತ್ರ ಎಸೆದಳು, ಆಮೇಲೆ ಅತ್ತಳು. ಮಕರಂದನ ಕಾಲಬೆರಳುಗಳ ಹಸಿರೂ ಇಳಿಯಿತು.

ಭೂತವನ್ನು ತೊಳೆದು, ತಾರಸಿಯ ಮೇಲೆ ಬಿಸಿಲಿಗೆ ಹಾಕಿ, ಇಂದುಲೇಖೆ ಕೂತು ಬಾಚಿದಳು. ಸಂಜೆಯ ಹೊತ್ತಿಗೆ ಅದು ಮೈತುಂಬ ರೋಮವಿರುವ ಮುದ್ದಾದ ಪ್ರಾಣಿಯಾಗಿ ಎದ್ದು ಮೈ ಕೊಡವಿತು. ಮುಂದೆ ಅದು ಬಚ್ಚಲ ಬಾಗಿಲಲ್ಲೇ ಮಲಗುತ್ತಿತ್ತು. ಸ್ನಾನ ಮಾಡಿದವರು ಜಾಲರಿಯ ಮೇಲಿನ ಕೂದಲನ್ನು ತಮ್ಮ ಕೈಯಾರೆ ತೆಗೆದು ಒಲೆಗೆ ಹಾಕುವವರೆಗೂ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ಕೆಂಪು ಗಡ್ಡದ ಕಪ್ಪೆಗೆ ಮೂಲೆಯಲ್ಲಿ ಸೊಳ್ಳೆ ಹಿಡಿಯುವ ಕೆಲಸ ಕೊಟ್ಟರು.

ಮಾರನೆಯ ದಿನ ದೊರೆ ಸ್ನಾನ ಮುಗಿಸಿದಾಗ ಹೊರಗೆ ಮಂತ್ರಿಗಳು ಕಾಯುತ್ತಿದ್ದರು. ಯಾವ ಚಕ್ರವರ್ತಿಗೂ ಬಗ್ಗದ ಮೇಘವರ್ಮ ಸೊಂಟ ಹಿಡಿದುಕೊಂಡು ಬಗ್ಗಿ, ಎರಡು ಬಿಳಿ ಕೂದಲು ಹೆಕ್ಕಿದ. ಆಮೇಲೆ ತಾನೇ ಹಂಡೆಯಿಂದ ನೀರು ತೋಡಿ, ಹದ ನೋಡಿ, ಬಾಗಿಲು ತೆರೆದು ಕರೆದ:

"ಬನ್ನಿ ಅಳಿಯಂದಿರೇ. ನಿನ್ನೆಯ ಎಣ್ಣೆ ಇನ್ನೂ ನಿಮ್ಮ ತಲೆಯಲ್ಲೇ ಇದೆ. ಇನ್ನು ಮುಂದೆ ಈ ಮನೆಯಲ್ಲಿ ಮೊದಲ ನೀರು ನಿಮ್ಮದು. ಕೊನೆಯ ಸರದಿ ನನಗಿರಲಿ, ತೊಳೆದು ಬರುತ್ತೇನೆ."

ಮಕರಂದ ನಗುತ್ತ ಮಣೆಯ ಮೇಲೆ ಕುಳಿತ. ಮಾವ ಅಳಿಯನ ತಲೆಯ ಮೇಲೆ ಬಿಸಿನೀರು ಸುರಿದ. ಬಿದ್ದ ನೀರು ಬಿದ್ದ ಹಾಗೇ ಹರಿದುಹೋಯಿತು. ಹಂಡೆಪುರದವರು ಅಂದಿನಿಂದ ಕಾಲು ಒಣಗಿಸಿಕೊಂಡು ಸುಖವಾಗಿದ್ದರು, ಕತೆ ಕೇಳಿದ ನೀವೂ ಹಾಗೇ ಇರಿ.